ಬೋರಣ್ಣ ಕೊಂಡ ಎರಡು ಅರಿಶಿನ ಕೊಂಬು

ಚಳ್ಳಕೆರೆಯಲ್ಲಿ ಯಾರು ಬೇಕಾದರೂ ಅರಿಶಿನ ಕೊಳ್ಳಬಹುದು. ಅದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಆದರೆ 2002ನೇ ಇಸವಿಯ ಒಂದು ಮಂಗಳವಾರ, ಕಚೇರಿಗೆ ಹತ್ತು ನಿಮಿಷ ಇರುವಾಗ, ಬೋರಣ್ಣ ಲಾಲ್ ಸಾಬರ ಅಂಗಡಿ ಮುಂದೆ ಸೈಕಲ್ ನಿಲ್ಲಿಸಿ, ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಎರಡು ಅರಿಶಿನ ಕೊಂಬು ಕೇಳಿದಾಗ, ಲಾಲ್ ಸಾಬರ ಕೈಯಲ್ಲಿದ್ದ ತಕ್ಕಡಿ ಎತ್ತಲೂ ವಾಲದೆ ನಿಂತುಬಿಟ್ಟಿತು.

ಕಾರಣವಿತ್ತು. ಬೋರಣ್ಣನವರದು ಅರಿಶಿನದ ಬೆಡಗು. ಬೆಡಗು ಎಂದರೆ ಆ ಸೀಮೆಯ ಕೆಲವು ಜನರಲ್ಲಿ ಒಂದೊಂದು ವಂಶಕ್ಕೆ ಇರುವ ಗುರುತು. ನೇರಳೆಯ ಬೆಡಗಿನವರು ನೇರಳೆ ಮರಕ್ಕೆ ಕೊಡಲಿ ಹಾಕುವುದಿಲ್ಲ. ಆಮೆಯ ಬೆಡಗಿನವರು ಆಮೆ ಕಂಡರೆ ಕೈ ಮುಗಿದು ಅದು ದಾರಿ ದಾಟುವ ತನಕ ನಿಲ್ಲುತ್ತಾರೆ. ಅದಕ್ಕೆ ಎಷ್ಟು ಹೊತ್ತು ಬೇಕೆಂದು ಅವರನ್ನೇ ಕೇಳಬೇಕು. ಅರಿಶಿನದ ಬೆಡಗಿನವರಿಗೆ ಅರಿಶಿನವೇ ದೇವರು. ಆದ್ದರಿಂದ ಅದನ್ನು ತಿನ್ನುವ ಹಾಗಿಲ್ಲ, ಅರೆಯುವ ಹಾಗಿಲ್ಲ, ಮೈಗೆ ಹಚ್ಚುವ ಹಾಗಿಲ್ಲ. ಅವರ ಚಿತ್ರಾನ್ನ ಬೆಳ್ಳಗಿರುತ್ತದೆ. ಅವರ ಮದುಮಗಳಿಗೆ ಹಚ್ಚುವುದು ನವಣೆ ಹಿಟ್ಟು.

ಬೋರಣ್ಣನ ಮನೆಯಲ್ಲಿ ಈ ಕಟ್ಟಳೆ ಇನ್ನೂ ಒಂದು ಗೇಣು ಬಿಗಿ. ಏಕೆಂದರೆ ಇಡೀ ಕುಲದ ದೇವರ ಪೆಟ್ಟಿಗೆ ಇರುವುದು ಅವನ ನಡುಮನೆಯಲ್ಲಿ. ಹೆಂಡತಿ ಗೀತಮ್ಮ ಅಂಗಡಿಯ ಸಾರಿನ ಪುಡಿ ಹೊಸಿಲು ದಾಟಲು ಬಿಟ್ಟವಳಲ್ಲ. ನೆಂಟರು ಬೇರೆ ಕಡೆ ಉಂಡು ಬಂದರೆ ಬಾಗಿಲಲ್ಲೇ ಕೈ ತೊಳೆಸಿ, ಉಗುರು ನೋಡಿ ಒಳಗೆ ಬಿಡುತ್ತಿದ್ದಳು.

ಇಂಥ ಮನೆಯ ಯಜಮಾನ ಅರಿಶಿನ ಕೇಳಿದರೆ ಲಾಲ್ ಸಾಬರು ಏನೆಂದುಕೊಳ್ಳಬೇಕು? "ಯಾರಿಗೆ ಬೋರಣ್ಣಾರೇ?" ಎಂದರು. ಕಚೇರಿಯ ಪೂಜೆಗೆ ಎಂಬ ಒಳ್ಳೆಯ ಸುಳ್ಳೊಂದನ್ನು ಬೋರಣ್ಣ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಬೇಕಾದಾಗ ಅದು ಮರೆತುಹೋಯಿತು. "ಒಬ್ಬರಿಗೆ" ಎಂದು ಹೇಳಿ, ಕೊಂಬು ಜೇಬಿಗೆ ಹಾಕಿಕೊಂಡು, ಚಿಲ್ಲರೆ ಬಿಟ್ಟು, ಸೈಕಲ್ಲನ್ನೂ ಅಲ್ಲೇ ಬಿಟ್ಟು, ಸರಸರ ನಡೆದುಕೊಂಡು ಹೋದ.

ಆ ಒಬ್ಬರು ಯಾರೆಂದು ಲಾಲ್ ಸಾಬರಿಗೆ ಗೊತ್ತಾಗಲಿಲ್ಲ. ನಮಗೆ ಗೊತ್ತಾಗಲಿ: ಅವನ ಅವ್ವ, ಸಿದ್ದಕ್ಕ.

ಸಿದ್ದಕ್ಕನಿಗೆ ಎಪ್ಪತ್ತಾರು. ಮೊದಲು ಸಾರಿಗೆ ಉಪ್ಪು ಹಾಕುವುದನ್ನು ಮರೆತಳು, ಆಮೇಲೆ ಉಪ್ಪು ಹಾಕಿದ್ದನ್ನು ಮರೆತಳು. ಎರಡು ಸಲ ಸೀರೆಯ ಗಂಟು ಕಂಕುಳಲ್ಲಿಟ್ಟುಕೊಂಡು ಬಸ್ ನಿಲ್ದಾಣಕ್ಕೆ ಹೋಗಿ ಮೊಳಕಾಲ್ಮೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ್ದಳು. ಮೊಳಕಾಲ್ಮೂರು ಅವಳ ತವರು. ಮಗನನ್ನು ಚಿತ್ತಪ್ಪ ಎಂದು ಕರೆಯತೊಡಗಿದಳು. ಚಿತ್ತಪ್ಪ ಅವಳ ಅಣ್ಣ, ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅದನ್ನಾದರೂ ಬೋರಣ್ಣ ತಡೆದುಕೊಂಡಿದ್ದ. ಒಂದು ಸಂಜೆ ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ, ಜಗಲಿಯಲ್ಲಿ ಕೂತಿದ್ದ ಅವಳು ತಲೆಯೆತ್ತಿ ನೋಡಿ, ಬಹಳ ಮರ್ಯಾದೆಯಿಂದ, "ಯಾರು ಬೇಕಾಗಿತ್ತಪ್ಪಾ?" ಎಂದಳು. ಬೋರಣ್ಣ "ಯಾರೂ ಬೇಡ" ಎಂದು ಮತ್ತೆ ಚಪ್ಪಲಿ ಮೆಟ್ಟಿಕೊಂಡು ಪಾವಗಡ ರಸ್ತೆಯ ಹೋಟೆಲಿಗೆ ಹೋಗಿ ಮೂರು ಟೀ ಕುಡಿದ. ಲೋಕದಲ್ಲಿ ಅವನಿಗೆ ಇನ್ನೇನೂ ಬೇಡವಾಗಿತ್ತು. ಅವ್ವ ಒಂದು ಸಲ, ಬೈದೇ ಆಗಲಿ, "ಲೇ ಬೋರ" ಅಂದರೆ ಸಾಕಿತ್ತು.

ಊರಿನ ಡಾಕ್ಟರು ಶಕ್ತಿಯ ಗುಳಿಗೆ ಕೊಟ್ಟು, ವಯಸ್ಸಿನ ಕಾಯಿಲೆ, ಎಚ್ಚರವಾಗಿ ನೋಡಿಕೊಳ್ಳಿ ಎಂದಿದ್ದರು. ಗುಳಿಗೆ ತಿನ್ನಿಸಬೇಕೆಂಬುದನ್ನು ಬೋರಣ್ಣ ದಿನಕ್ಕೊಂದು ಹೊತ್ತು ಮರೆಯುತ್ತಿದ್ದ.

ಬೋರಣ್ಣ ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್. ಬೆಳಿಗ್ಗೆ ಸಾಹೇಬರ ಮೇಜಿನ ಮೇಲೆ ಪೇಪರ್ ಇಡುವುದು ಅವನ ಮೊದಲ ಕರ್ತವ್ಯ. ಇಡುವ ಮೊದಲು ನಿಂತುಕೊಂಡು ಓದುವುದು ಅವನೇ ಹಚ್ಚಿಕೊಂಡ ಕರ್ತವ್ಯ. ಆ ಸೋಮವಾರ ಒಂದನೇ ಪುಟದ ಕೆಳಗೆ 'ಮರೆವಿನ ರೋಗಕ್ಕೆ ಅರಿಶಿನ ಮದ್ದು?' ಎಂಬ ತಲೆಬರಹ ಕಂಡಿತು. ಕೊನೆಯಲ್ಲಿದ್ದ ಪ್ರಶ್ನೆಯ ಗುರುತನ್ನು ಅವನು ಅಲಂಕಾರ ಎಂದುಕೊಂಡ. ಆಲ್ಝೈಮರ್ ಎಂಬ ಕಾಯಿಲೆಯಲ್ಲಿ ಮಿದುಳಿನೊಳಗೆ ಒಂದು ಬಗೆಯ ಕಸ ಕಟ್ಟಿಕೊಳ್ಳುತ್ತದಂತೆ. ಹೊರದೇಶದ ವಿಜ್ಞಾನಿಗಳು ಅರಿಶಿನದಲ್ಲಿರುವ ಹಳದಿ ಅಂಶವನ್ನು ಇಲಿಗಳಿಗೆ ತಿನ್ನಿಸಿದರಂತೆ. ಕಸ ಕಮ್ಮಿಯಾಯಿತಂತೆ. ನಮ್ಮ ದೇಶದ ಹಳ್ಳಿಗಳಲ್ಲಿ ಈ ಕಾಯಿಲೆ ಕಡಿಮೆ ಎನ್ನುತ್ತಾರೆ, ದಿನವೂ ಅರಿಶಿನ ಉಣ್ಣುವುದೇ ಅದಕ್ಕೆ ಕಾರಣವಿರಬಹುದು ಎಂಬಲ್ಲಿಗೆ 'ಏಳನೇ ಪುಟಕ್ಕೆ' ಎಂದಿತ್ತು. ಏಳನೇ ಪುಟದಲ್ಲಿ ಪದಬಂಧವೂ ಇರುತ್ತಿತ್ತು. ಸಾಹೇಬರಾದ ಜಯದೇವಪ್ಪನವರು ಪದಬಂಧ ತುಂಬದೆ ಫೈಲು ಮುಟ್ಟುವವರಲ್ಲ. ಸಾಹೇಬರ ಗಂಟೆ ಹೊಡೆಯಿತು, ಪೇಪರ್ ಒಳಗೆ ಹೋಯಿತು, ಏಳನೇ ಪುಟ ಸಾಹೇಬರ ಚೀಲ ಸೇರಿತು.

ಆದರೂ ಬೋರಣ್ಣನಿಗೆ ಸಿಕ್ಕಿದ್ದು ಸಾಕಾಗಿತ್ತು. ಸ್ಟೂಲಿನ ಮೇಲೆ ಕೂರಲಾರದೆ ವರಾಂಡದಲ್ಲಿ ಹದಿನೆಂಟು ಸಲ ತಿರುಗಿದ. ಅರಿಶಿನ ಉಂಡವರು ಮರೆಯುವುದಿಲ್ಲ. ಹಾಗಾದರೆ ಅರಿಶಿನ ಉಣ್ಣದವರು? ಅವನ ಕುಲದ ಚರಿತ್ರೆಯೆಲ್ಲ ಕಣ್ಣ ಮುಂದೆ ಬಿಚ್ಚಿಕೊಂಡಿತು. ಅವನ ತಾತ ಮೊಮ್ಮಗಳ ಮದುವೆಗೆ ಕರೆಯಲು ನೆಂಟರ ಮನೆಗೆ ಹೋದವನು, ತಾನೇ ಯಾವುದೋ ಮದುವೆಗೆ ಬಂದಿದ್ದೇನೆಂದು ಎರಡು ದಿನ ಉಂಡು ಬಂದಿದ್ದ. ಚಿಕ್ಕಪ್ಪನೊಬ್ಬ ಹಳೆಯ ಎತ್ತು ಮಾರಿ ಹೊಸದು ತರಲು ಹೋಗಿ ಅದೇ ಎತ್ತನ್ನು ಕೊಂಡು ತಂದಿದ್ದ. ಬೋರಣ್ಣ ಸ್ವತಃ ಆ ವರ್ಷ ನಾಲ್ಕು ಛತ್ರಿ ಕಳೆದಿದ್ದ. ಆ ವರ್ಷ ಮಳೆಯಾದದ್ದು ಮೂರೇ ದಿನ. ಇವೆಲ್ಲ ಪೆದ್ದುತನ ಎಂದು ಊರು ಇಷ್ಟು ದಿನ ನಕ್ಕಿತ್ತು. ಈಗ ವಿಜ್ಞಾನ ನಿಜ ಹೇಳಿತ್ತು: ಕುಲಕ್ಕೆ ಕುಲವೇ ಅರಿಶಿನವಿಲ್ಲದೆ ಕೆಟ್ಟಿತ್ತು.

ಇನ್ನು ಅವ್ವನ ವಿಷಯ. ಸಿದ್ದಕ್ಕ ಹುಟ್ಟಿದ್ದು ಅರಿಶಿನ ಉಣ್ಣುವ ಮನೆಯಲ್ಲಿ. ಹದಿನಾರನೇ ವಯಸ್ಸಿಗೆ ಮದುವೆಯಾಗಿ ಈ ಬೆಡಗಿಗೆ ಬಂದು, ಅಂದಿನಿಂದ ಬಿಟ್ಟವಳು. ಹದಿನಾರು ವರ್ಷ ಉಂಡದ್ದು ಅರವತ್ತು ವರ್ಷ ಕಾಪಾಡಿತು, ಈಗ ದಾಸ್ತಾನು ಮುಗಿದಿದೆ ಎಂದು ಬೋರಣ್ಣ ತೀರ್ಮಾನಿಸಿದ. ಇಷ್ಟು ಸ್ಪಷ್ಟವಾಗಿ ಅವನು ಜೀವಮಾನದಲ್ಲಿ ಯೋಚಿಸಿರಲಿಲ್ಲ, ಅದೇ ತಪ್ಪಾಯಿತು.

ಕೊಂಬೇನೋ ಬಂತು. ಕುಟ್ಟುವುದು ಎಲ್ಲಿ? ಮನೆಯ ಒರಳಿಗೆ ಅರಿಶಿನ ಸೋಕಿದರೆ ಕುಲ ಕೆಡುತ್ತದೆ, ಗೀತಮ್ಮ ಅದಕ್ಕೂ ಮೊದಲೇ ಕೆಡುತ್ತಾಳೆ. ಬೋರಣ್ಣ ಭಾನುವಾರ ಮೊಳಕಾಲ್ಮೂರಿನ ಬಸ್ಸು ಹತ್ತಿದ. ಅಲ್ಲಿ ಚಿತ್ತಪ್ಪನ ಮಗಳು ಶಾಂತಕುಮಾರಿ ಇದ್ದಳು: ಬೋರಣ್ಣನ ಸೋದರಮಾವನ ಮಗಳು, ಗಂಡ ಸತ್ತವಳು, ಮನೆಯಲ್ಲೇ ಗುಂಡಿಮಗ್ಗ ಇಟ್ಟುಕೊಂಡು ರೇಷ್ಮೆ ಸೀರೆ ನೇಯುವವಳು. ಇಪ್ಪತ್ತೈದು ವರ್ಷದ ಹಿಂದೆ ಇವರಿಬ್ಬರಿಗೆ ಮದುವೆಯ ಮಾತಾಗಿತ್ತು. ನಿಶ್ಚಯಕ್ಕೆ ಹೊರಟ ದಿನ ಬೋರಣ್ಣನ ಅಪ್ಪ ಮೊಳಕಾಲ್ಮೂರಿನ ಕಡೆ ಹೋಗುವ ಬಳ್ಳಾರಿ ಬಸ್ಸಿನ ಬದಲು ಹಿರಿಯೂರಿನ ಬಸ್ಸು ಹತ್ತಿದ್ದರಿಂದ ಅದು ಅಲ್ಲಿಗೇ ನಿಂತಿತ್ತು.

ಶಾಂತಕುಮಾರಿ ಕಾಲು ಮಗ್ಗದ ಗುಂಡಿಯಲ್ಲಿಟ್ಟುಕೊಂಡೇ ಅವನ ಕಥೆಯನ್ನೆಲ್ಲ ಕೇಳಿದಳು. "ಅಲ್ಲ ಭಾವ, ಇಲಿಗೆ ತಿನ್ಸಿದ್ದನ್ನ ಅತ್ತೆಗೆ ತಿನ್ಸಾಕೆ ಬಂದಿದೀಯಾ?" ಎಂದಳು. ಬೋರಣ್ಣನ ಮುಖ ನೋಡಿ, ಎದ್ದು ಕೊಂಬು ಕುಟ್ಟಿ, ಬೆಲ್ಲ ತುಪ್ಪ ಸೇರಿಸಿ ಉಂಡೆ ಕಟ್ಟಿ, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿ ಕೊಟ್ಟಳು. ಬೋರಣ್ಣ ಡಬ್ಬಿಯನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಕೂತ. ಹಾನಗಲ್ ದಾಟುವಷ್ಟರಲ್ಲಿ ಮುಚ್ಚಳ ಸಡಿಲಾಗಿ ತುಪ್ಪ ಜಿನುಗಿತು. ಚಳ್ಳಕೆರೆಯಲ್ಲಿ ಇಳಿದಾಗ ಅವನ ಬಿಳಿ ಅಂಗಿಯ ಎದೆಯ ಮೇಲೆ ಅಂಗೈಯಗಲದ ಅರಿಶಿನದ ಕಲೆ, ಹೆಗಲ ಮೇಲೆ ಒಂದು ಕೆಂಪು ರೇಷ್ಮೆ ಎಳೆ ಇದ್ದವು. ಎರಡನ್ನೂ ಅವನೊಬ್ಬ ಬಿಟ್ಟು ಇಡೀ ಬಸ್ ನಿಲ್ದಾಣ ನೋಡಿತು.

ಅಷ್ಟರಲ್ಲಿ ಊರು ತನ್ನ ಲೆಕ್ಕ ಮುಗಿಸಿತ್ತು. ಲಾಲ್ ಸಾಬರು ಮಾತು ಹರಡುವವರಲ್ಲ. ಹೆಂಡತಿ ಇಮಾಂ ಬೀಗೆ ಮಾತ್ರ ಹೇಳಿದ್ದರು. ಇಮಾಂ ಬೀಯೂ ಅಂಥವರಲ್ಲ. ನಲ್ಲಿ ಹತ್ತಿರ ಇದ್ದ ನಾಲ್ವರಿಗೆ ಮಾತ್ರ ಹೇಳಿದ್ದರು. ನಲ್ಲಿಯ ಹತ್ತಿರ ವಿಷಯಕ್ಕೆ ಕೈಕಾಲು ಬಂತು. ಅಡಿಗೆಗಾದರೆ ಜನ ಪುಡಿ ಕೊಳ್ಳುತ್ತಾರೆ. ಕೊಂಬು, ಅದೂ ಗುಟ್ಟಾಗಿ, ಕೊಳ್ಳುವುದು ದಾರಕ್ಕೆ ಕಟ್ಟಿ ಹೆಣ್ಣಿನ ಕೊರಳಿಗೆ ಹಾಕಲು. ತಾಳಿ ಮಾಡಿಸಲು ಪುರಸೊತ್ತಿಲ್ಲದ ಆತುರದ ಮದುವೆಗೆ. ಬೋರಣ್ಣನ ಬೆಡಗಿನಲ್ಲಿ ಮದುವೆಗೂ ಅರಿಶಿನ ಇಲ್ಲವಲ್ಲ ಎಂದು ಒಬ್ಬಳು ತೊಡಕು ತೆಗೆದಳು. ಅದಕ್ಕೇ ಹೇಳಿದ್ದು, ಹೆಣ್ಣು ಬೇರೆ ಕಡೆಯವಳು ಎಂದು ಇನ್ನೊಬ್ಬಳು ಬಿಡಿಸಿದಳು. ಒಂದು ಕೊಂಬು ಸಾಕಿತ್ತಲ್ಲ, ಎರಡು ಯಾಕೆ? ಒಂದು ಕಳೆದರೆ ಇರಲಿ ಅಂತ. ಬೋರಣ್ಣ ಎಂಥ ಮರೆಗುಳಿ ಎಂದು ಯಾರಿಗೆ ಗೊತ್ತಿಲ್ಲ? ಇಷ್ಟು ಪಕ್ಕಾ ಲೆಕ್ಕವನ್ನು ಮುರಿಯಲು ಸತ್ಯದಿಂದಲೂ ಆಗುತ್ತಿರಲಿಲ್ಲ.

ಬೋರಣ್ಣನಿಗೆ ಇದಾವುದರ ಪರಿವೆ ಇರಲಿಲ್ಲ. ಅವನು ದಿನವೂ ಬೆಳಿಗ್ಗೆ, ಗೀತಮ್ಮ ನೀರಿಗೆ ಹೋದಾಗ, ಅವ್ವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಉಂಡೆ ಬಾಯಿಗಿಟ್ಟು, ಬಾಯಿ ಒರೆಸಿ, ಒರೆಸಿದ ಬಟ್ಟೆಯನ್ನು ಬಚ್ಚಿಡುತ್ತಿದ್ದ. ಬಚ್ಚಿಟ್ಟ ಜಾಗ ಮರೆಯುತ್ತಿದ್ದ.

ಮೂರೇ ದಿನದಲ್ಲಿ ಪವಾಡ ನಡೆಯಿತು. ಗೋಡೆ ನೋಡುತ್ತ ಕೂರುತ್ತಿದ್ದ ಸಿದ್ದಕ್ಕ ಮಾತಾಡತೊಡಗಿದಳು. ಉಂಡೆಯ ಚೂರನ್ನು ನಾಲಿಗೆಯ ಮೇಲೆ ಹೊರಳಿಸಿ, ಮೊಳಕಾಲ್ಮೂರಿನ ತನ್ನ ಬೀದಿಯ ಮನೆಗಳನ್ನು ಒಂದೊಂದಾಗಿ ಹೇಳಿದಳು: ಯಾರ ಮಗ್ಗ ಯಾವ ಕಡೆ, ಯಾರ ಬಾವಿಯ ನೀರು ಸಿಹಿ, ಬಣ್ಣದ ನೀರಿಗೆ ಬಿದ್ದ ಬೆಕ್ಕು ಯಾರದು, ಅದು ಎಷ್ಟು ದಿನ ಹಸಿರಾಗಿತ್ತು. ಐದು ವರ್ಷದ ಹುಡುಗಿಯಾಗಿ ಶುರುಮಾಡಿದವಳು ವಾರ ಕಳೆಯುವುದರೊಳಗೆ ಹತ್ತಕ್ಕೆ ಬಂದಳು. ಬೋರಣ್ಣನ ಕಣ್ಣಲ್ಲಿ ನೀರು ಬಂತು. ನೆನಪು ಮೊಳಕಾಲ್ಮೂರಿಂದ ಹೊರಟಿದೆ, ಸ್ಟಾಪಿಗೊಂದು ಸಲ ನಿಂತು ಚಳ್ಳಕೆರೆಗೆ ಬರುತ್ತಿದೆ. ಹದಿನಾರಕ್ಕೆ ಮದುವೆ, ಇಪ್ಪತ್ತೆಂಟಕ್ಕೆ ತಾನು ಹುಟ್ಟಿದ್ದು. ಈ ವೇಗದಲ್ಲಿ ಬಂದರೆ ಯುಗಾದಿಗೆ ಮೊದಲೇ ತನ್ನ ಹೆಸರು ಬರುತ್ತದೆ. ಬೇಗ ಬರಲಿ ಎಂದು ದಿನಕ್ಕೆ ಎರಡು ಉಂಡೆ ಮಾಡಿದ. ಎರಡನೇ ಭಾನುವಾರವೂ ಮೊಳಕಾಲ್ಮೂರಿಗೆ ಹೋದ, ಮೂರನೆಯದೂ ಹೋದ.

ಬೋರಣ್ಣ ಭಾನುವಾರಕ್ಕೆಂದೇ ಮೀಸಲಿಟ್ಟು ಒಗೆಯಲು ಹಾಕದಿದ್ದ ಆ ಬಿಳಿ ಅಂಗಿಯನ್ನು ಮೂರನೇ ಭಾನುವಾರದ ಮರುದಿನ ಗೀತಮ್ಮ ಒಗೆಯಲು ತೆಗೆದಳು. ಸೋಪು ಹಾಕುತ್ತಲೇ ಅರಿಶಿನದ ಕಲೆ ಕೆಂಪಗಾಯಿತು. ಅರಿಶಿನದ ಗುಣವೇ ಅದು. ಆದರೆ ಮದುವೆಯಾದಂದಿನಿಂದ ಅರಿಶಿನ ಮುಟ್ಟದ ಗೀತಮ್ಮನಿಗೆ ಅದು ಹೇಗೆ ನೆನಪಿರಬೇಕು? ಅವಳ ಲೆಕ್ಕದಲ್ಲಿ ಅದು ಮೊದಲು ಅರಿಶಿನ, ಆಮೇಲೆ ಕುಂಕುಮ. ನಲ್ಲಿಯ ಹತ್ತಿರದ ಮಾತು ಅವಳ ಕಿವಿಗೆ ಬಿದ್ದಿತ್ತು, ನಂಬಿರಲಿಲ್ಲ. ಈಗ ನಂಬಿದಳು. ಗಂಡನನ್ನು ಒಂದು ಮಾತೂ ಕೇಳಲಿಲ್ಲ. ಪರಶುರಾಂಪುರದ ತನ್ನ ತಮ್ಮ ರಾಜಣ್ಣನಿಗೆ ಫೋನು ಮಾಡಿಸಿದಳು. ರಾಜಣ್ಣ ಈರುಳ್ಳಿ ಲಾರಿ ಹತ್ತಿ ಬಂದು ಜಗಲಿಯ ಮೇಲೆ ಕೂತ. ಭಾವನ ಮುಖ ನೋಡೆನೆಂದು ಶಪಥ ಮಾಡಿದವನು ಗೋಡೆಯ ಕಡೆ ತಿರುಗಿಕೊಂಡು ಮೂರು ಹೊತ್ತೂ ಉಂಡ.

ಕಚೇರಿಗೂ ಅರ್ಜಿ ಹೋಯಿತು, ಹೆಸರಿಲ್ಲದ್ದು. ಸರ್ಕಾರಿ ನೌಕರ ಹೆಂಡತಿ ಇರುವಾಗ ಇನ್ನೊಂದು ಮದುವೆಯಾದರೆ ಕೆಲಸಕ್ಕೆ ಸಂಚಕಾರ. ಜಯದೇವಪ್ಪನವರು ಪದಬಂಧ ಬದಿಗಿಟ್ಟು ಮೆಮೊ ಬರೆಸಿದರು: ತಾವು ಎರಡನೇ ವಿವಾಹವಾಗಿದ್ದಲ್ಲಿ ಯಾರ ಅನುಮತಿ ಪಡೆದು ಆಗಿದ್ದೀರಿ, ಆಗಿಲ್ಲದಿದ್ದಲ್ಲಿ ಏಕೆ ಆಗಿಲ್ಲ ಎಂಬುದಕ್ಕೆ ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ನೀಡುವುದು. ಮೆಮೊಗಳನ್ನು ಜಾರಿ ಮಾಡುವುದು ಅಟೆಂಡರ್ ಕೆಲಸ. ಬೋರಣ್ಣ ಲಕೋಟೆ ಹಿಡಿದು ಕಚೇರಿಯ ಸುತ್ತ ಬೋರಣ್ಣನನ್ನು ಹುಡುಕಿದ. ಗುಮಾಸ್ತರು ಬೆರಳು ತೋರಿಸಿದ ಮೇಲೆ ತನಗೆ ತಾನೇ ಕೊಟ್ಟುಕೊಂಡು ರುಜು ಹಾಕಿದ. ಆಮೇಲೆ ಓದಿದ.

ಕುಲದ ಹಿರಿಯ ದಾಸಣ್ಣ ದೊಡ್ಡಉಳ್ಳಾರ್ತಿಯವನು, ಎಂಬತ್ತು ದಾಟಿದವನು. ಅವನಿಗೂ ಸುದ್ದಿ ಹೋಯಿತು. ಹೆಣ್ಣಿನ ಮಾತು ಕೇಳಿ ಅವನು ಅಡಿಕೆ ಜಗಿಯುತ್ತಲೇ ಇದ್ದ. ಗಂಡಸರು ಒಂದೊಂದು ಸಲ ಹಾಗೆ ಎಂದ. ಅರಿಶಿನ ಎಂಬ ಮಾತು ಕೇಳಿದಾಗ ಉಗುಳಿ ಎದ್ದು ನಿಂತ. ಹೀಗೆ ಬೋರಣ್ಣ ಎರಡು ಕಡೆಯಿಂದ ಸಿಕ್ಕಿಬಿದ್ದ. ಅರಿಶಿನ ಹೆಣ್ಣಿಗೆಂದರೆ ಹೆಂಡತಿ ಹೋಗುತ್ತಾಳೆ, ನೌಕರಿ ಹೋಗುತ್ತದೆ. ಅವ್ವನಿಗೆಂದರೆ ದೇವರ ಪೆಟ್ಟಿಗೆ ಹೋಗುತ್ತದೆ, ಕುಲದಲ್ಲಿ ಮುಖ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ಅವ್ವನ ಉಂಡೆ ನಿಲ್ಲುತ್ತದೆ. ಇನ್ನು ಸ್ವಲ್ಪ ದಿನ ಯಾರಾದರೂ ಸುಮ್ಮನಿದ್ದಿದ್ದರೆ! ಅವಳಾಗಲೇ ಹದಿನಾಲ್ಕಕ್ಕೆ ಬಂದಿದ್ದಳು.

ನಾಲ್ಕನೇ ಭಾನುವಾರ ರಾಜಣ್ಣ ಬಾಗಿಲಿಗೆ ಅಡ್ಡ ಕೂತಿದ್ದರಿಂದ ಬೋರಣ್ಣನಿಗೆ ಮೊಳಕಾಲ್ಮೂರಿಗೆ ಹೋಗಲಾಗಲಿಲ್ಲ. ಹನ್ನೊಂದು ಗಂಟೆಗೆ ದಾಸಣ್ಣ ಇಬ್ಬರು ಹಿರಿಯರೊಡನೆ ಬಂದ. ಹನ್ನೊಂದೂಕಾಲಿಗೆ ಜೀಪು ಬಂತು. ಮೂರು ದಿನವಾದರೂ ಸಮಜಾಯಿಷಿ ಬಾರದ್ದರಿಂದ ಜಯದೇವಪ್ಪನವರು ಗುಮಾಸ್ತನೊಬ್ಬನನ್ನು ಕರೆದುಕೊಂಡು ಸ್ಥಳ ವಿಚಾರಣೆಗೆ ಬಂದಿದ್ದರು. ಜೀಪಿನ ಹಿಂದೆ ನಲ್ಲಿಯ ಹತ್ತಿರದವರೆಲ್ಲ ಬಂದರು. ಲಾಲ್ ಸಾಬರು ಬೋರಣ್ಣ ಅಂದು ಬಿಟ್ಟುಹೋದ ಸೈಕಲ್ಲನ್ನು ತಳ್ಳಿಕೊಂಡು ಬಂದರು. ಬೋರಣ್ಣ ಹಿತ್ತಲಿಗೆ ಹೋದ, ಅಂಗಳಕ್ಕೆ ಬಂದ, ಎಲ್ಲರಿಗೂ ನೀರು ತಂದ, ಯಾರಿಗೂ ಕೊಡದೆ ತಾನೇ ಕುಡಿದ.

ಹನ್ನೊಂದೂವರೆಗೆ, ಈ ವಾರ ಭಾವ ಬೆಳಗಿನ ಮೊದಲ ಬಸ್ಸಿಗೆ ಯಾಕೆ ಬರಲಿಲ್ಲವೋ ಎಂದು ಚಿಂತೆಯಾಗಿ, ಶಾಂತಕುಮಾರಿಯೇ ಡಬ್ಬಿ ಹಿಡಿದುಕೊಂಡು ಬಸ್ಸಿನಿಂದಿಳಿದು ಬಂದಳು. ಅಂಗಳದ ತುಂಬ ಇದ್ದ ಜನರನ್ನು ನೋಡಿ ಬಾಗಿಲಲ್ಲೇ ನಿಂತು, "ಭಾವ, ಅತ್ತೆ ಆರಾಮಿದ್ದಾರೆ ತಾನೆ?" ಎಂದಳು.

ಜನ ಕೇಳಿದ್ದು 'ಭಾವ' ಎಂಬ ಮೊದಲನೆಯ ಮಾತನ್ನಷ್ಟೇ. ರಾಜಣ್ಣ ಒಂದು ವಾರದಲ್ಲಿ ಮೊದಲ ಸಲ ಗೋಡೆ ಬಿಟ್ಟು ಈ ಕಡೆ ತಿರುಗಿದ. ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ. ಗೀತಮ್ಮ ಒಳಗಿಂದ ಬಂದು ಶಾಂತಕುಮಾರಿಯ ಮುಖ ನೋಡಲಿಲ್ಲ, ಕೊರಳು ನೋಡಿದಳು. ಬರಿಗೊರಳು. ಆಮೇಲೆ ಡಬ್ಬಿ ನೋಡಿದಳು. ಶಾಂತಕುಮಾರಿ ಮಗ್ಗದ ಮುಂದೆ ಕೂತು ಕಡಿದ ಎಳೆ ಹುಡುಕುವವಳು. ಇಲ್ಲಿ ಯಾವ ಎಳೆ ಎಲ್ಲಿ ಕಡಿದಿದೆಯೆಂದು ಕ್ಷಣದಲ್ಲಿ ಅವಳಿಗೆ ಗೊತ್ತಾಯಿತು. ಡಬ್ಬಿಯನ್ನು ಅಂಗಳದ ನಡುವೆ ಇಟ್ಟು ಮುಚ್ಚಳ ತೆಗೆದಳು. "ಹೇಳು ಭಾವ. ನೀನೇ ಹೇಳು" ಎಂದಳು.

ಬೋರಣ್ಣ ಎಲ್ಲರ ಮುಖ ನೋಡಿದ. ಸುಳ್ಳು ಹುಡುಕಿದ, ಒಂದೂ ನೆನಪಾಗಲಿಲ್ಲ.

"ಅವ್ವಗೆ ತಂದಿದ್ದು" ಎಂದ. "ಅವ್ವಗೆ ನಾನ್ಯಾರು ಅಂತ ಗೊತ್ತಾಗ್ತಿಲ್ಲ. ಒಂದ್ಸಲ ಬೋರ ಅಂತ ಕರೀಲಿ ಅಂತ ತಿನ್ಸಿದೆ. ಅಷ್ಟೇ."

ಗೀತಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅವನು ಪೇಪರಿನ ವಿಷಯ, ಇಲಿಗಳ ವಿಷಯ, ತಾತನ ವಿಷಯ, ಎತ್ತಿನ ವಿಷಯ ಎಲ್ಲ ಒಂದೇ ಉಸಿರಿಗೆ ಹೇಳಿದ. ಜಯದೇವಪ್ಪನವರಿಗೆ ಕರುಣೆ ಬಂತು. ಅದಕ್ಕಿಂತ ಮೊದಲು ಏಳನೇ ಪುಟ ನೆನಪಿಗೆ ಬಂತು. ಪದಬಂಧದ ಮೇಲುಗಡೆಯೇ ಇತ್ತು, ಓದಿದ್ದರು. ಮನುಷ್ಯರಲ್ಲಿ ಇನ್ನೂ ಏನೂ ಸಾಬೀತಾಗಿಲ್ಲ, ವರ್ಷಗಟ್ಟಲೆ ಪರೀಕ್ಷೆ ನಡೆಯಬೇಕು, ಯಾರೂ ಇದನ್ನು ನಂಬಿ ಸ್ವಂತ ವೈದ್ಯ ಮಾಡಿಕೊಳ್ಳಬಾರದು ಎಂದು ಅದರಲ್ಲಿ ಬರೆದಿತ್ತೆಂದು ಮೆಲ್ಲಗೆ ಹೇಳಿದರು.

ಬೋರಣ್ಣ ಒಪ್ಪಲಿಲ್ಲ. ಜೀವನದಲ್ಲಿ ಮೊದಲ ಸಲ ಸಾಹೇಬರಿಗೆ ಎದುರು ಮಾತಾಡಿದ. ಇಲಿಗಳ ಕಥೆ ಇಲಿಗಳಿಗಿರಲಿ, ತನ್ನ ಅವ್ವನ ನೆನಪು ಬಂದದ್ದು ತಾನೇ ಕಂಡಿದ್ದೇನೆ, ಕಣ್ಣಾರೆ ನೋಡಿ ಎಂದು ಒಳಗೆ ಓಡಿದ. ಸಿದ್ದಕ್ಕನ ಕೈ ಹಿಡಿದು ಕರೆತಂದು ಅಂಗಳದ ನಡುವೆ ನಿಲ್ಲಿಸಿ, ಹೇಳವ್ವ, ನಿನ್ನ ಬೀದಿ ಹೇಳು ಎಂದ. ಸಿದ್ದಕ್ಕ ಹೇಳಿದಳು. ಮಗ್ಗ, ಬಾವಿ, ಹಸಿರು ಬೆಕ್ಕು, ಒಂದೂ ತಪ್ಪಲಿಲ್ಲ. ಶಾಂತಕುಮಾರಿ ಹೌದು ಹೌದು ಎಂದು ಸಾಕ್ಷಿ ಹೇಳಿದಳು. ಜನ ತಲೆದೂಗಿದರು. ಜಯದೇವಪ್ಪನವರು ಕನ್ನಡಕ ಒರೆಸಿದರು. ಬೋರಣ್ಣನ ಮುಖ ಅರಳಿತು.

ದಾಸಣ್ಣ ಮುಂದೆ ಬಂದ. "ಸಿದ್ದಕ್ಕ, ನಾನ್ಯಾರು ಹೇಳು" ಎಂದ.

ಸಿದ್ದಕ್ಕ ಅವನನ್ನು ನೋಡಿದಳು. ಹಿರಿಯರನ್ನು, ಜೀಪನ್ನು, ಅಂಗಳದ ತುಂಬ ನಿಂತ ಜನರನ್ನು ನೋಡಿದಳು. ಅವಳ ಮುಖ ಕೆಂಪಾಯಿತು. ಸೆರಗು ತಲೆಯ ಮೇಲೆಳೆದುಕೊಂಡು, ನೆಲ ನೋಡುತ್ತ, "ಹೆಣ್ಣು ನೋಡಾಕೆ ಬಂದೋರೇನ್ರಿ? ಅಪ್ಪ ಮಗ್ಗದ ಮೇಲವ್ರೆ. ಕೂತ್ಕಳ್ರಿ, ಕರೀತೀನಿ" ಎಂದಳು.

ದಾಸಣ್ಣ ತಡವರಿಸಿದ. "ನಿನ್ನ ಯಾವ ಬೆಡಗಿಗೆ ಕೊಟ್ಟಿದಾರೆ, ಗೊತ್ತಿಲ್ವೇನವ್ವ?" ಎಂದ.

"ನನ್ನಿನ್ನೂ ಎಲ್ಲಿಗೂ ಕೊಟ್ಟಿಲ್ರಿ" ಎಂದಳು ಸಿದ್ದಕ್ಕ.

ಹಿರಿಯರು ಬೇವಿನ ಮರದ ಕೆಳಗೆ ಹೋಗಿ ಕೂತರು. ಅರಿಶಿನದ ಬೆಡಗು ಹುಟ್ಟಿದ ಮೇಲೆ ಇಂಥ ಪ್ರಕರಣ ಬಂದಿರಲಿಲ್ಲ. ಅರ್ಧ ಗಂಟೆ ಅಡಿಕೆ ಜಗಿದು ತೀರ್ಮಾನ ತಂದರು. ಹೆಣ್ಣು ಬೆಡಗಿಗೆ ಸೇರುವುದು ಕೊಟ್ಟ ಮೇಲೆ. ಸಿದ್ದಕ್ಕನನ್ನು ಇನ್ನೂ ಕೊಟ್ಟಿಲ್ಲ, ಅವಳೇ ಹೇಳುತ್ತಾಳೆ. ಅವಳಿಗಿಂತ ಚೆನ್ನಾಗಿ ಹೇಳಬಲ್ಲ ಸಾಕ್ಷಿ ಇನ್ನಾರು? ಕೊಡದ ಹೆಣ್ಣು ತವರಿನ ಊಟ ಉಣ್ಣುತ್ತದೆ, ಅದರಲ್ಲಿ ದೋಷವಿಲ್ಲ. ಪೆಟ್ಟಿಗೆ ಇದ್ದಲ್ಲೇ ಇರಲಿ. ಅರಿಶಿನವನ್ನು ಮಾತ್ರ ಹೊರಗೆ ಬೇರೆ ಒಲೆಯಲ್ಲಿ ಬೇಯಿಸಬೇಕು.

ಎಲ್ಲರಿಗೂ ನಿರಾಳವಾಯಿತು. ಜಯದೇವಪ್ಪನವರು ಅರ್ಜಿಯ ಮೇಲೆ 'ಹುರುಳಿಲ್ಲ' ಎಂದು ಬರೆದು ರುಜು ಹಾಕಿದರು. ಗೀತಮ್ಮ ಶಾಂತಕುಮಾರಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ರಾಜಣ್ಣ ಭಾವನ ಹೆಗಲು ತಟ್ಟಿ, ಊಟ ಎಷ್ಟೊತ್ತಿಗೆ ಎಂದು ಕೇಳಿದ. ಬೋರಣ್ಣ ಒಬ್ಬ ಮಾತ್ರ ಅಂಗಳದಲ್ಲಿ ನಿಂತಿದ್ದ. ಮೂರು ವಾರದಿಂದ ಒಂದು ಕಡೆ ನಿಲ್ಲದವನು ಈಗ ಅಲುಗಾಡಲಿಲ್ಲ. ಅವಳ ನೆನಪು ಈ ಕಡೆ ಬರುತ್ತಿರಲಿಲ್ಲ. ಅವಳೇ ಆ ಕಡೆ ಹೋಗಿ ಸೇರಿಯಾಗಿತ್ತು.

"ದೊಡ್ಡಪ್ಪ" ಎಂದ. "ಅವ್ವನ್ನ ಇನ್ನೂ ಕೊಟ್ಟಿಲ್ಲ ಅಂದ್ರೆ, ನಾನು ಯಾರ ಮಗ?"

ಕುಲದ ಕಟ್ಟಳೆಗಳನ್ನೆಲ್ಲ ಬಾಯಲ್ಲಿಟ್ಟುಕೊಂಡಿದ್ದ ದಾಸಣ್ಣ ಹೆಗಲ ಮೇಲಿನ ಕಂಬಳಿ ಸರಿ ಮಾಡಿಕೊಂಡು ಬಸ್ಸಿಗೆ ಹೊತ್ತಾಯಿತು ಎಂದ.

ಸಂಜೆ ಬೇವಿನ ಮರದ ಕೆಳಗೆ ಮೂರು ಕಲ್ಲಿಟ್ಟು ಒಲೆ ಹೂಡಿದರು. ಸೌದೆ ತಂದು ಹಾಕಿದವಳು ಗೀತಮ್ಮನೇ. ಮೂಗಿಗೆ ಸೆರಗು ಕಟ್ಟಿಕೊಂಡಿದ್ದಳು ಅಷ್ಟೆ. ಶಾಂತಕುಮಾರಿ ಬೇಳೆ ಬೇಯಿಸಿ, ಧಾರಾಳವಾಗಿ ಅರಿಶಿನ ಹಾಕಿ ಸಾರು ಮಾಡಿದಳು. ಮುದ್ದೆ ಮುರಿದು, ಸಾರು ಬಿಟ್ಟು, ಬೋರಣ್ಣ ಅವ್ವನ ಮುಂದೆ ಕೂತ. ಸಿದ್ದಕ್ಕ ಬೆರಳು ನೆಕ್ಕಿಕೊಂಡು ಉಂಡಳು. ಬಹಳ ದಿನದಿಂದ ಯಾರೂ ಅವಳು ಹಾಗೆ ಉಂಡದ್ದನ್ನು ಕಂಡಿರಲಿಲ್ಲ. ಅರ್ಧ ಉಂಡ ಮೇಲೆ ಎದುರಿಗೆ ಕೂತವನ ಬರಿದಾದ ಕೈ ನೋಡಿದಳು.

"ನೀನ್ಯಾಕಪ್ಪ ಉಣ್ಣಲ್ಲ?"

"ನಮ್ಮ ಮನೇಲಿ ಅರಿಶಿನ ಉಣ್ಣಲ್ಲ" ಎಂದ ಬೋರಣ್ಣ.

"ನಿಮ್ಮವ್ವನೂ ಉಣ್ಣಲ್ವಾ?"

"ಮದುವೆ ಆದ ಮೇಲೆ ಬಿಟ್ಟಳು."

ಪಾಪ, ಆಸೆ ಇರ್ತೈತೆ ಎಂದಳು ಸಿದ್ದಕ್ಕ. ಪಕ್ಕದಲ್ಲಿದ್ದ ಬಟ್ಟಲಿಗೆ ತಾನೇ ಸಾರು ಬಗ್ಗಿಸಿ, ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟಳು. "ತಗಂಡೋಗಿ ಕೊಡು ನಿಮ್ಮವ್ವಗೆ. ಯಾರೂ ಕಾಣದಂಗೆ ಕೊಡು" ಎಂದಳು.

ಬೋರಣ್ಣ ಬಟ್ಟಲು ತೆಗೆದುಕೊಂಡು ಎದ್ದ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮನೆಯ ಸುತ್ತ ಒಂದು ಸುತ್ತು ಬಂದ. ಬಚ್ಚಲ ಹಿಂದೆ ಸ್ವಲ್ಪ ಹೊತ್ತು ನಿಂತು ಕಣ್ಣು ಒರೆಸಿಕೊಂಡ. ಅವಳು ಮುದ್ದೆಯ ಕಡೆ ನೋಡುತ್ತಿದ್ದಾಗ ಸಾರನ್ನು ಮತ್ತೆ ಪಾತ್ರೆಗೆ ಸುರಿದು, ಖಾಲಿ ಬಟ್ಟಲನ್ನು ಅವಳ ಪಕ್ಕದಲ್ಲಿಟ್ಟು ಕೂತ.

"ಕೊಟ್ಯಾ?"

"ಕೊಟ್ಟೆ."

"ಏನಂದ್ಳು?"

"ಉಪ್ಪು ಒಂಚೂರು ಕಮ್ಮಿ ಅಂದ್ಳು."

"ಹೌದಪ್ಪ" ಎಂದಳು ಸಿದ್ದಕ್ಕ. "ನಂಗೂ ಹಂಗೇ ಅನ್ನುಸ್ತು."